ಕೂಟ ಎಲ್ಲಿ ಸೇರಬೇಕು? ಮುಂಬಯಿ ಲೋಕಲ್ ಜಾಲದ ಮೇಲೆ ಒಂದು ಪ್ರಕರಣ ಅಧ್ಯಯನ

ಮುಂಬಯಿಯ ಒಂದು ಹವ್ಯಾಸಿ ತಾಳಮದ್ದಳೆ ತಂಡಕ್ಕೆ ಭಾನುವಾರದ ಕೂಟ ನಡೆಸಲು ಹೊಸ ಸ್ಥಳ ಬೇಕಾಗಿತ್ತು. ಭಾಗವತರು ಗೋರೆಗಾಂವ್‌ನಲ್ಲಿ, ಮದ್ದಳೆಯವರು ಡೊಂಬಿವಲಿಯಲ್ಲಿ, ಚೆಂಡೆಯವರು ನೆರೂಳಿನಲ್ಲಿ, ಇಬ್ಬರು ಅರ್ಥಧಾರಿಗಳಲ್ಲಿ ಒಬ್ಬರು ಬೊರಿವಲಿಯಲ್ಲಿ ಮತ್ತೊಬ್ಬರು ಮುಲುಂಡಿನಲ್ಲಿ ವಾಸವಾಗಿದ್ದಾರೆ. ದಾದರ್, ಕುರ್ಲಾ, ಘಾಟ್ಕೋಪರ್ ಈ ಮೂರೂ ನಿಲ್ದಾಣಗಳ ಸಮೀಪ ಒಂದೊಂದು ಕೊಠಡಿ ಸಿಗುವಂತಿತ್ತು ಮತ್ತು ಬಾಡಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ದಾದರ್ ಎಲ್ಲರಿಗೂ ನಡುವೆ ಇದೆ ಎಂಬುದು ಭಾಗವತರ ಅಭಿಪ್ರಾಯವಾಗಿತ್ತು. ಪಶ್ಚಿಮ ಮತ್ತು ಮಧ್ಯ ರೈಲು ಮಾರ್ಗಗಳೆರಡೂ ಸೇರುವ ನಿಲ್ದಾಣ ಅದಾದ್ದರಿಂದ ಈ ನಗರದಲ್ಲಿ ಬಹುಪಾಲು ಜನ ಹಾಗೆಯೇ ಯೋಚಿಸುತ್ತಾರೆ. ಆ ಅಭಿಪ್ರಾಯವನ್ನು ಲೆಕ್ಕಕ್ಕೆ ಒಡ್ಡಿ ನೋಡೋಣವೆಂದು ತಂಡ ಒಪ್ಪಿದ್ದರಿಂದ ಈ ಅಧ್ಯಯನ ಸಾಧ್ಯವಾಯಿತು. ಇಲ್ಲಿ ಬರುವ ಸಂಖ್ಯೆಗಳೆಲ್ಲ ನಿಲ್ದಾಣಗಳ ಅನುಕ್ರಮದಿಂದಲೇ ಹುಟ್ಟಿದವು. ಲೋಕಲ್ ನಕಾಶೆಯೊಂದನ್ನು ಮುಂದಿಟ್ಟುಕೊಂಡ ಯಾವ ಓದುಗರೂ ಬೆರಳೆಣಿಕೆಯಲ್ಲಿ ಅವನ್ನು ಪರೀಕ್ಷಿಸಬಹುದು.

ಜಾಲ ವಿಶ್ಲೇಷಣೆಯ ಮೂಲ ಸಾಮಗ್ರಿ ಎರಡೇ: ಬಿಂದುಗಳು ಮತ್ತು ಅವುಗಳನ್ನು ಜೋಡಿಸುವ ಕೊಂಡಿಗಳು. 1736ರಲ್ಲಿ ಗಣಿತಜ್ಞ ಆಯ್ಲರ್ ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದಾಗ ದಾರಿಗಳ ಉದ್ದ, ತಿರುವು, ದಿಕ್ಕುಗಳನ್ನೆಲ್ಲ ಬದಿಗಿಟ್ಟು ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎಂಬುದನ್ನು ಮಾತ್ರ ಉಳಿಸಿಕೊಂಡರು. ನಮ್ಮ ಮೊದಲ ಹೆಜ್ಜೆಯೂ ಅದೇ. ಪ್ರತಿ ನಿಲ್ದಾಣವನ್ನು ಒಂದು ಬಿಂದುವೆಂದೂ, ಒಂದೇ ಹಳಿಯ ಮೇಲೆ ಒಂದರ ನಂತರ ಒಂದು ಬರುವ ಎರಡು ನಿಲ್ದಾಣಗಳ ನಡುವಿನ ಸಂಬಂಧವನ್ನು ಒಂದು ಕೊಂಡಿಯೆಂದೂ ತೆಗೆದುಕೊಂಡೆವು. ಪಶ್ಚಿಮ, ಮಧ್ಯ, ಹಾರ್ಬರ್ ಮತ್ತು ಟ್ರಾನ್ಸ್ ಹಾರ್ಬರ್ ಮಾರ್ಗಗಳು ಸೇರಿದವು. ಅವುಗಳ ಜೊತೆಗೆ 2014ರ ಜೂನ್‌ನಲ್ಲಿ ಆರಂಭವಾದ, ಹನ್ನೆರಡು ನಿಲ್ದಾಣಗಳ ವರ್ಸೋವಾ–ಘಾಟ್ಕೋಪರ್ ಮೆಟ್ರೊ ಸೇರಿತು. ಅನಂತರ ಬಂದ ಮೆಟ್ರೊ ಮಾರ್ಗಗಳನ್ನು ಉದ್ದೇಶಪೂರ್ವಕವಾಗಿ ಹೊರಗಿಡಲಾಯಿತು, ಏಕೆಂದರೆ ತಂಡದ ಪ್ರತಿಯೊಬ್ಬರೂ ಕೈಯಿಂದ ಪರೀಕ್ಷಿಸಬಲ್ಲ ಜಾಲವೇ ಅವರಿಗೆ ನಂಬಿಕೆ ಹುಟ್ಟಿಸುತ್ತಿತ್ತು. ಮಾಹಿತಿಯನ್ನು ಎರಡು ಕಾಲಮುಗಳ ಒಂದು ಸರಳ ಹಾಳೆಯಲ್ಲಿ ಬರೆದೆವು: ಎಡಗಡೆ ಒಂದು ನಿಲ್ದಾಣ, ಬಲಗಡೆ ಅದರ ನೆರೆಯ ನಿಲ್ದಾಣ. ಗೆಫಿಯಂಥ ಉಚಿತ ತಂತ್ರಾಂಶಕ್ಕೆ ಚಿತ್ರ ಬಿಡಿಸಲು ಇಷ್ಟೇ ಸಾಕು.

ಮೊದಲ ಚಿತ್ರದಲ್ಲಿ ಪ್ರತಿ ಬಿಂದುವಿನ ಗಾತ್ರವನ್ನು ಅದರ ಮಧ್ಯಸ್ಥತೆಗೆ ಅನುಗುಣವಾಗಿ ಇಡಲಾಯಿತು. ಸಮಾಜಶಾಸ್ತ್ರಜ್ಞ ಲಿಂಟನ್ ಫ್ರೀಮನ್ 1977ರಲ್ಲಿ ಖಚಿತ ರೂಪ ಕೊಟ್ಟ ಈ ಅಳತೆ, ಇತರ ಬಿಂದುಗಳ ನಡುವಿನ ಅತಿ ಹತ್ತಿರದ ದಾರಿಗಳಲ್ಲಿ ಎಷ್ಟು ಪಾಲು ಒಂದು ನಿರ್ದಿಷ್ಟ ಬಿಂದುವಿನ ಮೂಲಕ ಹಾದುಹೋಗುತ್ತದೆ ಎಂಬುದನ್ನು ಎಣಿಸುತ್ತದೆ. ಸಮಾನ ಉದ್ದದ ದಾರಿಗಳು ಒಂದಕ್ಕಿಂತ ಹೆಚ್ಚು ಇದ್ದರೆ ಅಂಕವನ್ನು ಸಮನಾಗಿ ಹಂಚುತ್ತದೆ. ನಾವು ಎಣಿಸಿದ್ದು ಐವರ ಮನೆಗಳ ನಡುವಿನ ದಾರಿಗಳನ್ನು ಮಾತ್ರ; ಅವುಗಳಿಂದ ಹತ್ತು ಜೋಡಿಗಳಾಗುತ್ತವೆ. ಮೆಟ್ರೊ ಒಂದನ್ನು ತೆಗೆದು ಉಳಿದುದನ್ನೆಲ್ಲ ಹಾಗೆಯೇ ಇಟ್ಟು ಎಣಿಸಿದರೆ ಕುರ್ಲಾ ಆರು ಜೋಡಿಗಳ ದಾರಿಯಲ್ಲಿ ಬರುತ್ತದೆ ಮತ್ತು ದಾದರ್‌ಗೆ ಮೂರು ಅಂಕ ಸಿಗುತ್ತವೆ. ಮೆಟ್ರೊ ಸೇರಿಸಿದೊಡನೆ ಕುರ್ಲಾದ ಅಂಕ ಎರಡಕ್ಕೆ ಕುಸಿಯುತ್ತದೆ, ದಾದರ್‌ನದು ಮೂರನೆಯ ಎರಡು ಭಾಗಕ್ಕೆ ಇಳಿಯುತ್ತದೆ, ಘಾಟ್ಕೋಪರ್ ನಾಲ್ಕನ್ನು ದಾಟಿ ಐದರ ಸಮೀಪಕ್ಕೆ ಏರುತ್ತದೆ. ಆದರೆ ಮಾರ್ಗಗಳು ಕೂಡುವ ನಿಲ್ದಾಣಗಳಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣಿಸಿದವು ಅಂಧೇರಿ ಮತ್ತು ಠಾಣೆ: ಅಂಧೇರಿಗೆ ಆರು, ಠಾಣೆಗೆ ಐದು. ಒಂದೇ ಒಂದು ಮಾರ್ಗ, ಅದೂ ಅಂಧೇರಿಯಿಂದ ಘಾಟ್ಕೋಪರ್‌ವರೆಗೆ ಎಂಟು ಕೊಂಡಿಗಳಷ್ಟೇ ಉದ್ದದ ಮಾರ್ಗ, ಇಡೀ ಜಾಲದ ಭಾರವನ್ನು ಇಷ್ಟರ ಮಟ್ಟಿಗೆ ಸ್ಥಳಾಂತರಿಸುತ್ತದೆ ಎಂಬುದನ್ನು ಚಿತ್ರವಿಲ್ಲದೆ ಗ್ರಹಿಸುವುದು ಕಷ್ಟ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಧ್ಯಸ್ಥತೆ ಹೇಳುವುದು ಯಾರು ಯಾವ ನಿಲ್ದಾಣವನ್ನು ಹಾದುಹೋಗುತ್ತಾರೆ ಎಂಬುದನ್ನು. ಎಲ್ಲರೂ ಎಲ್ಲಿ ಬಂದು ಸೇರುವುದು ಸುಲಭ ಎಂಬುದನ್ನಲ್ಲ. ಚಹಾದ ಅಂಗಡಿ ಇಡುವವರಿಗೆ ಮೊದಲನೆಯದು ಮುಖ್ಯ, ಕೂಟ ನಡೆಸುವವರಿಗೆ ಎರಡನೆಯದು. ಅಂಧೇರಿಗಿಂತ ಹೆಚ್ಚಿನ ಮಧ್ಯಸ್ಥತೆ ಯಾವ ನಿಲ್ದಾಣಕ್ಕೂ ಇಲ್ಲದಿದ್ದರೂ ಐವರೂ ಅಲ್ಲಿಗೆ ಬರಲು ಒಟ್ಟು 59 ನಿಲ್ದಾಣಗಳ ಪ್ರಯಾಣ ಬೇಕು, ಅಂದರೆ ದಾದರ್‌ಗಿಂತ ಒಂದು ಮಾತ್ರ ಕಡಿಮೆ. ತಂತ್ರಾಂಶ ಒದಗಿಸುವ ಅಳತೆಗಳಲ್ಲಿ ಹೆಸರು ಪರಿಚಿತವಾಗಿರುವುದನ್ನು ಒತ್ತಿಬಿಡುವ ಅಭ್ಯಾಸ ಎಲ್ಲೆಡೆ ಇದೆ. ಪ್ರಶ್ನೆಯನ್ನು ಮೊದಲು ವಾಕ್ಯವಾಗಿ ಬರೆದುಕೊಂಡು ಅದಕ್ಕೆ ಹೊಂದುವ ಅಳತೆಯನ್ನು ಆಮೇಲೆ ಹುಡುಕುವುದೇ ಸರಿಯಾದ ಕ್ರಮವೆಂದು ನಾನು ದೃಢವಾಗಿ ನಂಬುತ್ತೇನೆ.

ನಮಗೆ ಬೇಕಾಗಿದ್ದುದು ಸಾಮೀಪ್ಯ. ಪ್ರತಿ ಮನೆಯ ನಿಲ್ದಾಣದಿಂದ ಪ್ರತಿ ಸ್ಥಳಕ್ಕೆ ಎಷ್ಟು ಕೊಂಡಿಗಳೆಂದು ಎಣಿಸಿದೆವು. ದಾದರ್‌ಗೆ ಗೋರೆಗಾಂವ್‌ನಿಂದ 10, ಬೊರಿವಲಿಯಿಂದ 13, ಮುಲುಂಡಿನಿಂದ 10, ಡೊಂಬಿವಲಿಯಿಂದ 16, ನೆರೂಳಿನಿಂದ 11; ಒಟ್ಟು 60. ಕುರ್ಲಾಕ್ಕೆ ಅದೇ ಕ್ರಮದಲ್ಲಿ 13, 16, 7, 13, 8, ಒಟ್ಟು 57. ಘಾಟ್ಕೋಪರ್‌ಗೆ 11, 14, 5, 11, 10, ಒಟ್ಟು 51. ಮೆಟ್ರೊ ಇಲ್ಲದಿದ್ದರೆ ಘಾಟ್ಕೋಪರ್‌ನ ಮೊತ್ತ 59 ಆಗುತ್ತಿತ್ತು. ಅತಿ ದೂರದಿಂದ ಬರುವವರ ಪ್ರಯಾಣವನ್ನು ಮಾತ್ರ ನೋಡಿದರೂ ಘಾಟ್ಕೋಪರ್ ಮುಂದಿದೆ: ಅಲ್ಲಿ 14, ಉಳಿದ ಎರಡರಲ್ಲೂ 16. ಗೋರೆಗಾಂವ್‌ನಿಂದ ಕುರ್ಲಾಕ್ಕೆ ದಾದರ್ ಮೂಲಕ ಹೋದರೂ, ಮಾಹಿಮ್–ಕಿಂಗ್ಸ್ ಸರ್ಕಲ್–ವಡಾಲಾ ಮೂಲಕ ಹೋದರೂ, ಅಂಧೇರಿಯಲ್ಲಿ ಮೆಟ್ರೊ ಹಿಡಿದು ಘಾಟ್ಕೋಪರ್ ಮೂಲಕ ಹೋದರೂ ಸರಿಯಾಗಿ 13 ಕೊಂಡಿಗಳೇ ಆಗುತ್ತವೆ ಎಂಬುದು ಈ ಎಣಿಕೆಯಲ್ಲಿ ಸಿಕ್ಕ ಸೊಗಸಾದ ಸಂಗತಿ.

ಪಟ್ಟಿಯಲ್ಲಿಲ್ಲದ ನಿಲ್ದಾಣಗಳನ್ನೂ ಪರೀಕ್ಷಿಸದೆ ಬಿಡುವುದು ನ್ಯಾಯವಲ್ಲ. ಮೊತ್ತವೊಂದನ್ನೇ ನೋಡಿದರೆ ಮುಲುಂಡ್ 50 ಅಂಕದಿಂದ ಘಾಟ್ಕೋಪರನ್ನೂ ಹಿಂದಿಕ್ಕುತ್ತದೆ. ಠಾಣೆ 51ರಲ್ಲಿ ಸಮನಾಗಿ ನಿಲ್ಲುತ್ತದೆ. ಆದರೆ ಮುಲುಂಡಿನ ಮೊತ್ತ ಕಡಿಮೆಯಾಗುವುದು ಅಲ್ಲಿನ ಅರ್ಥಧಾರಿಗಳು ಸೊನ್ನೆ ದೂರದಲ್ಲಿರುವುದರಿಂದ; ಬೊರಿವಲಿಯವರು ಮಾತ್ರ 19 ನಿಲ್ದಾಣ ದಾಟಿ, ಎರಡು ಕಡೆ ಗಾಡಿ ಬದಲಿಸಿ ಬರಬೇಕಾಗುತ್ತದೆ. ಮೊತ್ತ ಒಬ್ಬರ ಸುಖವನ್ನೂ ಇನ್ನೊಬ್ಬರ ಕಷ್ಟವನ್ನೂ ಒಂದೇ ತಟ್ಟೆಯಲ್ಲಿ ತೂಗುತ್ತದೆ. ತಂಡದ ಹಿರಿಯರೇ ಬೊರಿವಲಿಯ ಅರ್ಥಧಾರಿಗಳಾದ್ದರಿಂದ ಮುಲುಂಡಿನವರೇ ಮುಂದೆ ಬಂದು ಆ ಆಯ್ಕೆಯನ್ನು ಕೈಬಿಡಲು ಹೇಳಿದರು.

ಇಷ್ಟಾದ ಮೇಲೆ ಘಾಟ್ಕೋಪರ್ ಎಂದು ತೀರ್ಮಾನಿಸಿಬಿಡಬಹುದಿತ್ತು. ಅದಕ್ಕೆ ತಡೆಯಾದದ್ದು ಮದ್ದಳೆಯವರ ಮಾತು: ಲೋಕಲ್‌ನಲ್ಲಿ ಕುಳಿತ ಮೇಲೆ ನಾಲ್ಕು ನಿಲ್ದಾಣ ಹೆಚ್ಚಾದರೂ ಚಿಂತೆಯಿಲ್ಲ, ಇಳಿದು ಸೇತುವೆ ಹತ್ತಿ ಇನ್ನೊಂದು ಗಾಡಿಗೆ ನುಗ್ಗುವುದೇ ಆಯಾಸ. ಈ ಮಾತು ಜಾಲ ವಿಶ್ಲೇಷಣೆಯ ಬೇರೊಂದು ಪದ್ಧತಿಯನ್ನೇ ಸೂಚಿಸುತ್ತದೆ. ಸಾರ್ವಜನಿಕ ಸಾರಿಗೆಯನ್ನು ಅಧ್ಯಯನ ಮಾಡುವವರು ಒಂದೇ ಮಾಹಿತಿಯಿಂದ ಎರಡು ಬಗೆಯ ಜಾಲಗಳನ್ನು ಕಟ್ಟುತ್ತಾರೆ. ಮೊದಲನೆಯದರಲ್ಲಿ ನೆರೆಯ ನಿಲ್ದಾಣಗಳಿಗೆ ಮಾತ್ರ ಕೊಂಡಿ. ಎರಡನೆಯದರಲ್ಲಿ ಗಾಡಿ ಬದಲಿಸದೆ ತಲುಪಬಹುದಾದ ಪ್ರತಿಯೊಂದು ಜೋಡಿಗೂ ಕೊಂಡಿ. ಎರಡನೆಯ ಜಾಲದಲ್ಲಿ ಬೊರಿವಲಿ ಮತ್ತು ದಾದರ್ ನೆರೆಹೊರೆಯವು, ನಡುವೆ ಹನ್ನೆರಡು ನಿಲ್ದಾಣಗಳಿದ್ದರೂ. ಈ ಕಣ್ಣಿನಿಂದ ನೋಡಿದಾಗ ದಾದರ್‌ಗೆ ಐವರಲ್ಲಿ ನೆರೂಳಿನವರೊಬ್ಬರು ಮಾತ್ರ ಕುರ್ಲಾದಲ್ಲಿ ಗಾಡಿ ಬದಲಿಸಬೇಕು: ಒಟ್ಟು ಒಂದು ಬದಲಾವಣೆ. ಕುರ್ಲಾಕ್ಕೆ ಪಶ್ಚಿಮ ಮಾರ್ಗದ ಇಬ್ಬರು ಬದಲಿಸಬೇಕು: ಎರಡು. ಘಾಟ್ಕೋಪರ್‌ಗೆ ಅವರಿಬ್ಬರು ಅಂಧೇರಿಯಲ್ಲಿ, ನೆರೂಳಿನವರು ಕುರ್ಲಾದಲ್ಲಿ: ಮೂರು. ನಿಲ್ದಾಣಗಳ ಎಣಿಕೆ ಕೊಟ್ಟ ಕ್ರಮ ಇಲ್ಲಿ ಸಂಪೂರ್ಣವಾಗಿ ತಲೆಕೆಳಗಾಯಿತು. ಎರಡೂ ಜಾಲಗಳು ಸತ್ಯವೇ. ಯಾವುದನ್ನು ಸಂಬಂಧವೆಂದು ಕರೆಯುತ್ತೇವೆ ಎಂಬ ನಿರ್ಧಾರ ಲೆಕ್ಕ ಆರಂಭವಾಗುವ ಮೊದಲೇ ಅರ್ಧ ಉತ್ತರವನ್ನು ಬರೆದಿಟ್ಟಿರುತ್ತದೆ. ಈ ಪ್ರಕರಣದಲ್ಲಿ ನನಗೆ ಅತ್ಯಂತ ಮಹತ್ತ್ವದ್ದಾಗಿ ಕಂಡ ಅಂಶ ಇದು.

ಎರಡನ್ನೂ ಬೆಸೆಯಲು ಒಂದು ಬದಲಾವಣೆಯ ಶ್ರಮ ಎಷ್ಟು ನಿಲ್ದಾಣಗಳ ಪ್ರಯಾಣಕ್ಕೆ ಸಮವೆಂದು ಕೇಳಬೇಕಾಯಿತು. ಅದು ನಾಲ್ಕೂವರೆಗಿಂತ ಕಡಿಮೆಯಾದರೆ ಘಾಟ್ಕೋಪರ್ ಉತ್ತಮ. ಹೆಚ್ಚಾದರೆ ದಾದರ್ ಉತ್ತಮ. ಕುರ್ಲಾ, ಎರಡೂ ಪಟ್ಟಿಗಳಲ್ಲಿ ನಡುವೆ ನಿಂತು ಎಲ್ಲರಿಗೂ ಒಪ್ಪಿಗೆಯಾಗುವ ರಾಜಿಯಂತೆ ಕಾಣುವ ಕುರ್ಲಾ, ಯಾವ ಮೌಲ್ಯವನ್ನು ಇಟ್ಟರೂ ಮೊದಲ ಸ್ಥಾನಕ್ಕೆ ಬರುವುದೇ ಇಲ್ಲ. ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿದಾಗ ಬಂದ ಉತ್ತರಗಳು ನಾಲ್ಕರ ಆಸುಪಾಸಿನಲ್ಲಿದ್ದವು. ನಾಲ್ಕನ್ನೇ ಇಟ್ಟುಕೊಂಡರೆ ಘಾಟ್ಕೋಪರ್ 63, ದಾದರ್ 64, ಕುರ್ಲಾ 65. ಇಷ್ಟು ಸಣ್ಣ ಅಂತರದ ಮೇಲೆ ತೀರ್ಪು ಕೊಡುವುದು ಸಲ್ಲದು.

ಆಗ ಚೆಂಡೆಯ ವಿಷಯ ಬಂತು. ಭಾಗವತರ ಜಾಗಟೆ ಕೈಚೀಲದಲ್ಲಿ ಹಿಡಿಯುತ್ತದೆ. ಮದ್ದಳೆಯವರು ಮೂರೂ ಸ್ಥಳಗಳಿಗೆ ಗಾಡಿ ಬದಲಿಸದೆ ಬರಬಲ್ಲರು. ನೆರೂಳಿನವರು ಚೆಂಡೆ ಹೊತ್ತು ಕುರ್ಲಾದ ಸೇತುವೆ ಏರಬೇಕಾದರೆ ಅವರ ಒಂದು ಬದಲಾವಣೆ ಉಳಿದವರ ಒಂದು ಬದಲಾವಣೆಗೆ ಸಮವಾಗಲಾರದು. ಅದನ್ನು ಮೂರು ಪಟ್ಟು ಎಂದು ಹಿಡಿದರೆ ಘಾಟ್ಕೋಪರ್ 71, ದಾದರ್ 72, ಕುರ್ಲಾ ಮಾತ್ರ 65ರಲ್ಲೇ ಉಳಿಯುತ್ತದೆ, ಏಕೆಂದರೆ ಅಲ್ಲಿಗೆ ಅವರು ಹಾರ್ಬರ್ ಗಾಡಿಯಲ್ಲಿ ನೇರವಾಗಿ ಬಂದಿಳಿಯುತ್ತಾರೆ. ಎಲ್ಲರನ್ನೂ ಸಮಾನ ತೂಕದಲ್ಲಿ ಇಟ್ಟ ಲೆಕ್ಕದಲ್ಲಿ ಎಂದೂ ಗೆಲ್ಲದ ನಿಲ್ದಾಣ, ಒಬ್ಬರ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಂಡೊಡನೆ ಸ್ಪಷ್ಟವಾಗಿ ಗೆದ್ದಿತು. ತೂಕವಿಲ್ಲದ ಕೊಂಡಿಗಳ ಜಾಲ ತಟಸ್ಥವಾದುದೆಂಬ ಭಾವನೆ ಸಾಮಾನ್ಯವಾಗಿದೆ; ಅದು ವಾಸ್ತವದಲ್ಲಿ ಎಲ್ಲರಿಗೂ ಒಂದೇ ತೂಕ ಕೊಡುವ ನಿರ್ಧಾರವಾಗಿರುತ್ತದೆ ಮತ್ತು ಆ ನಿರ್ಧಾರದ ಭಾರವನ್ನು ಸದ್ದಿಲ್ಲದೆ ಹೊರುವವರು ಯಾರಾದರೂ ಇದ್ದೇ ಇರುತ್ತಾರೆ.

ಮುಂದಿನ ಹಂತ ಕೊಂಡಿಗಳನ್ನು ಕಡಿದು ನೋಡುವುದು. ಕೂಟ ಭಾನುವಾರ ನಡೆಯುವುದರಿಂದ ಇದನ್ನು ಬಿಡುವಂತೆಯೇ ಇರಲಿಲ್ಲ: ಹಳಿಗಳ ನಿರ್ವಹಣೆಗಾಗಿ ಕೆಲವು ಗಂಟೆ ಗಾಡಿಗಳನ್ನು ನಿಲ್ಲಿಸುವ ಮಧ್ಯ ರೈಲ್ವೆಯ ಮೆಗಾ ಬ್ಲಾಕ್ ಸಾಮಾನ್ಯವಾಗಿ ಬರುವುದು ಭಾನುವಾರವೇ. ಹಾರ್ಬರ್ ಮಾರ್ಗದಲ್ಲಿ ಕುರ್ಲಾ ಮತ್ತು ವಾಶಿ ನಡುವೆ ಗಾಡಿಗಳು ನಿಂತ ದಿನ ನೆರೂಳಿನವರು 2004ರಿಂದ ಓಡುತ್ತಿರುವ ಟ್ರಾನ್ಸ್ ಹಾರ್ಬರ್ ಮಾರ್ಗದಲ್ಲಿ ಠಾಣೆಗೆ ಹೋಗಿ ಅಲ್ಲಿಂದ ದಕ್ಷಿಣಕ್ಕೆ ಇಳಿಯಬೇಕು. ಘಾಟ್ಕೋಪರ್‌ಗೆ ಅವರ ದಾರಿ 10ರಿಂದ 14ಕ್ಕೆ, ದಾದರ್‌ಗೆ 11ರಿಂದ 19ಕ್ಕೆ, ಕುರ್ಲಾಕ್ಕೆ 8ರಿಂದ 16ಕ್ಕೆ ಏರುತ್ತದೆ. ಅದರ ಮೇಲೆ ಕುರ್ಲಾದ ನೇರ ಗಾಡಿಯ ಅನುಕೂಲವೂ ಇಲ್ಲವಾಗುತ್ತದೆ. ಎರಡನೆಯ ಪರೀಕ್ಷೆ ಮಳೆಗಾಲದ್ದು. ಜೋರು ಮಳೆಗೆ ಸಯನ್–ಕುರ್ಲಾ ನಡುವೆ ಮತ್ತು ಚುನಾಭಟ್ಟಿಯಲ್ಲಿ ಹಳಿಗಳ ಮೇಲೆ ನೀರು ನಿಲ್ಲುವುದು ಮುಂಬಯಿಯ ಎಲ್ಲರಿಗೂ ತಿಳಿದ ವಿಷಯ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾದ 2005ರ ಜುಲೈ 26ರಂದು ಇಡೀ ಜಾಲವೇ ನಿಂತುಹೋಗಿತ್ತು. ಸಯನ್–ಕುರ್ಲಾ ಕೊಂಡಿಯೊಂದನ್ನು ತೆಗೆದರೆ ದಾದರ್‌ನ ಮೊತ್ತ 60ರಿಂದ 72ಕ್ಕೆ ಹೋಗುತ್ತದೆ. ಕುರ್ಲಾ–ಚುನಾಭಟ್ಟಿ ಕೊಂಡಿಯನ್ನೂ ತೆಗೆದರೆ 94 ಆಗುತ್ತದೆ, ಏಕೆಂದರೆ ಡೊಂಬಿವಲಿ, ಮುಲುಂಡ್, ನೆರೂಳಿನವರೆಲ್ಲ ಘಾಟ್ಕೋಪರ್‌ನಿಂದ ಅಂಧೇರಿಗೆ ಸುತ್ತಿ ಬರಬೇಕಾಗುತ್ತದೆ. ಘಾಟ್ಕೋಪರ್‌ನ 51 ಮಾತ್ರ ಎರಡೂ ಸಂದರ್ಭಗಳಲ್ಲಿ ಕದಲುವುದಿಲ್ಲ. ಕಾಗದದ ಮೇಲೆ ಕುರ್ಲಾದ 57 ಕೂಡ ಕದಲುವುದಿಲ್ಲ, ಆದರೆ ನೀರು ತುಂಬುವ ಜಾಗದ ಬಾಗಿಲಲ್ಲೇ ಆ ನಿಲ್ದಾಣವಿದೆ.

ಈ ಹಂತದಲ್ಲಿ ಚಿತ್ರಣ ಮಾಡಿದ ಉಪಕಾರವನ್ನು ಹೇಳಬೇಕು. ನಕಾಶೆಯ ಮೇಲೆ ಇಟ್ಟು ನೋಡಿದಾಗ ಮುಂಬಯಿಯ ಮಾರ್ಗಗಳು ಉತ್ತರ ದಕ್ಷಿಣವಾಗಿ ಎಳೆದ ಸಮಾನಾಂತರ ಗೆರೆಗಳಂತೆ ಕಾಣುತ್ತವೆ ಮತ್ತು ಕಣ್ಣು ತಾನಾಗಿ ದಾದರ್‌ನ ಮೇಲೆ ನಿಲ್ಲುತ್ತದೆ. ಭೌಗೋಳಿಕ ಸ್ಥಾನಗಳನ್ನು ಬಿಟ್ಟು, ಕೊಂಡಿಯಿರುವ ಬಿಂದುಗಳು ಪರಸ್ಪರ ಸೆಳೆಯುವಂತೆಯೂ ಉಳಿದವು ದೂರ ತಳ್ಳುವಂತೆಯೂ ಜೋಡಿಸುವ ವಿನ್ಯಾಸದಲ್ಲಿ ಬಿಡಿಸಿದಾಗ ಎರಡು ವರ್ತುಲಗಳು ಎದ್ದು ಕಂಡವು. ಒಂದು ಚಿಕ್ಕದು: ದಾದರ್, ಸಯನ್, ಕುರ್ಲಾ, ವಡಾಲಾ, ಮಾಹಿಮ್‌ಗಳನ್ನು ಸುತ್ತುವ ಹತ್ತು ನಿಲ್ದಾಣಗಳದು. ಇನ್ನೊಂದು ಮೆಟ್ರೊ ಬಂದ ಮೇಲೆ ಮೂಡಿದ್ದು: ಅಂಧೇರಿ, ದಾದರ್, ಕುರ್ಲಾ, ಘಾಟ್ಕೋಪರ್‌ಗಳನ್ನು ಸುತ್ತುವ ಇಪ್ಪತ್ತು ನಿಲ್ದಾಣಗಳದು. ನೀರು ನಿಲ್ಲುವ ಎರಡೂ ಕೊಂಡಿಗಳು ಚಿಕ್ಕ ವರ್ತುಲದ ಒಂದೇ ಮಗ್ಗುಲಲ್ಲಿವೆ ಎಂಬುದು ಆ ಚಿತ್ರದಲ್ಲಿ ಒಂದು ನೋಟಕ್ಕೆ ತಿಳಿಯಿತು. ಕೋಷ್ಟಕದಲ್ಲಿ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಹ್ಯಾರಿ ಬೆಕ್ ರೂಪಿಸಿ 1933ರಲ್ಲಿ ಪ್ರಕಟವಾದ ಲಂಡನ್ ಭೂಗತ ರೈಲಿನ ನಕ್ಷೆ ನಿಜವಾದ ದೂರಗಳನ್ನು ಬಿಟ್ಟುಕೊಟ್ಟು ಸಂಬಂಧಗಳನ್ನು ಉಳಿಸಿಕೊಂಡದ್ದು ಇದೇ ಕಾರಣಕ್ಕೆ. ಆದರೆ ಇಂಥ ವಿನ್ಯಾಸದಲ್ಲಿ ಎಡ, ಬಲ, ಮೇಲೆ, ಕೆಳಗೆ ಎಂಬುದಕ್ಕೆ ಅರ್ಥವಿಲ್ಲ. ಬೊರಿವಲಿ ಕೆಳಗಡೆ ಬಂದದ್ದನ್ನು ಕಂಡು ತಂಡದವರು ಚಿತ್ರವನ್ನೇ ಅನುಮಾನಿಸಿದ್ದರಿಂದ, ಕೊನೆಯ ಆವೃತ್ತಿಯಲ್ಲಿ ಉತ್ತರ ಮೇಲಿರುವಂತೆ ತಿರುಗಿಸಿ, ಪ್ರತಿ ಮಾರ್ಗಕ್ಕೂ ಒಂದು ಬಣ್ಣ ಕೊಟ್ಟು, ಐವರ ಮನೆಯ ನಿಲ್ದಾಣಗಳಿಗೂ ಮೂರು ಸ್ಥಳಗಳಿಗೂ ಮಾತ್ರ ಹೆಸರು ಬರೆಯಲಾಯಿತು.

ಅಧಿಕೃತ ನಕಾಶೆಯಲ್ಲಿ ಇಲ್ಲದ ಕೊಂಡಿಗಳೂ ಇವೆ. ಮಧ್ಯ ಮಾರ್ಗದ ಮಾಟುಂಗಾ ಮತ್ತು ಪಶ್ಚಿಮ ಮಾರ್ಗದ ಮಾಟುಂಗಾ ರೋಡ್ ನಡುವೆ ಜನ ನಡೆದೇ ಹೋಗುತ್ತಾರೆ. ಮೈಸೂರು ಅಸೋಸಿಯೇಷನ್ ಮತ್ತು ಕರ್ನಾಟಕ ಸಂಘ ಎರಡೂ ಆ ಪರಿಸರದಲ್ಲೇ ಇರುವುದರಿಂದ ಮುಂಬಯಿಯ ಕನ್ನಡಿಗರಿಗೆ ಆ ಕಾಲ್ದಾರಿ ಹಳೆಯ ಪರಿಚಯದ್ದು. ಅದನ್ನು ಒಂದು ಕೊಂಡಿಯಾಗಿ ಸೇರಿಸಿದೊಡನೆ ಮಾಟುಂಗಾಕ್ಕೆ ಒಟ್ಟು 57 ನಿಲ್ದಾಣ, ಒಂದೇ ಬದಲಾವಣೆ ಎಂದು ಬಂದು, ಎರಡು ಅಳತೆಗಳನ್ನೂ ಸೇರಿಸಿದಾಗ ಅದು ದಾದರ್‌ಗಿಂತ ಮೇಲಾಯಿತು. ಫಾಸ್ಟ್ ಲೋಕಲ್‌ಗಳು ಅಲ್ಲಿ ನಿಲ್ಲದಿರುವುದು ಮತ್ತು ಕೊಠಡಿ ಖಾಲಿಯಿಲ್ಲದಿರುವುದು ಬೇರೆ ಮಾತು. ಕಾಲ್ನಡಿಗೆಯ ಕೊಂಡಿಯನ್ನು ಹಗುರವಾಗಿ ಎಣಿಸಬಾರದೆಂಬುದಕ್ಕೆ ಪರೇಲ್ ಮತ್ತು ಇಂದು ಪ್ರಭಾದೇವಿ ಎನಿಸಿಕೊಳ್ಳುವ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣಗಳನ್ನು ಜೋಡಿಸುತ್ತಿದ್ದ ಇಕ್ಕಟ್ಟಾದ ಸೇತುವೆಯನ್ನು ನೆನೆಯಬೇಕು. 2017ರ ಸೆಪ್ಟೆಂಬರ್ 29ರ ಬೆಳಗಿನ ನೂಕುನುಗ್ಗಲಿನಲ್ಲಿ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ರೈಲು ಮಾರ್ಗಗಳ ಪಟ್ಟಿಯಿಂದ ಕಟ್ಟಿದ ಜಾಲದಲ್ಲಿ ಆ ಸೇತುವೆ ಇರುವುದೇ ಇಲ್ಲ. ಮಾಹಿತಿಯಲ್ಲಿ ದಾಖಲಾಗದ ಸಂಬಂಧ ಎಷ್ಟು ಭಾರ ಹೊರುತ್ತಿರುತ್ತದೆ ಎಂಬುದನ್ನು ದಿನವೂ ಆ ದಾರಿಯಲ್ಲಿ ಓಡಾಡುವವರನ್ನು ಕೇಳಿಯೇ ತಿಳಿಯಬೇಕು.

ತಂಡದ ನಿರ್ಧಾರ ಹೀಗಾಯಿತು. ಸಾಮಾನ್ಯ ದಿನಗಳಲ್ಲಿ ಘಾಟ್ಕೋಪರ್ ಮತ್ತು ದಾದರ್ ಬಹುತೇಕ ಸಮ. ಮಳೆ ಮತ್ತು ಮೆಗಾ ಬ್ಲಾಕ್‌ಗಳ ಪರೀಕ್ಷೆಯಲ್ಲಿ ಘಾಟ್ಕೋಪರ್ ಸ್ಪಷ್ಟವಾಗಿ ಮುಂದೆ. ಅದರ ಎದುರು ನಿಂತದ್ದು ಚೆಂಡೆಯ ಭಾರವೊಂದೇ. ಘಾಟ್ಕೋಪರ್‌ನ ಕೊಠಡಿಯವರು ಬೀಗ ಹಾಕಬಹುದಾದ ಒಂದು ಕಪಾಟನ್ನು ಬಿಟ್ಟುಕೊಡಲು ಒಪ್ಪಿದರು. ತಂಡದ ಚೆಂಡೆ ಈಗ ಅಲ್ಲೇ ಇರುತ್ತದೆ, ನೆರೂಳಿನವರು ತಮ್ಮ ಕೋಲುಗಳನ್ನು ಮಾತ್ರ ತರುತ್ತಾರೆ, ಅವರ ಬದಲಾವಣೆಯ ತೂಕ ಉಳಿದವರಷ್ಟೇ ಆಗಿದೆ. ಈ ಪರಿಹಾರವನ್ನು ಯಾವ ತಂತ್ರಾಂಶವೂ ಸೂಚಿಸಲಿಲ್ಲ, ಆದರೆ ಯಾವ ಕೊಂಡಿಯಲ್ಲಿ ತೊಂದರೆ ಇದೆ ಎಂಬುದನ್ನು ಲೆಕ್ಕ ತೋರಿಸಿಕೊಟ್ಟದ್ದರಿಂದಲೇ ಕಪಾಟಿನ ಮಾತು ಎತ್ತಲು ಸಾಧ್ಯವಾಯಿತು.

ಈ ತೀರ್ಮಾನ ಐವರಿಗೆ ಸಂಬಂಧಿಸಿದ್ದು. ಮೀರಾರೋಡಿನ ಅರ್ಥಧಾರಿಯೊಬ್ಬರು ತಂಡವನ್ನು ಸೇರುವ ಮಾತಿದೆ. ಅವರನ್ನು ಸೇರಿಸಿ, ಒಂದು ಬದಲಾವಣೆಗೆ ನಾಲ್ಕು ನಿಲ್ದಾಣದಂತೆ ಹಿಡಿದು ಎಣಿಸಿದರೆ ಘಾಟ್ಕೋಪರ್ 83ಕ್ಕೆ ಏರುತ್ತದೆ, ದಾದರ್ 79ರಲ್ಲಿ ನಿಲ್ಲುತ್ತದೆ. ಅವರು ಬಂದರೆ ಮಳೆಗಾಲದ ನಾಲ್ಕು ತಿಂಗಳು ಘಾಟ್ಕೋಪರ್‌ನಲ್ಲಿಯೂ ಉಳಿದ ಕಾಲ ದಾದರ್‌ನಲ್ಲಿಯೂ ಸೇರುವುದೆಂದು, ಆಗ ಚೆಂಡೆಗೆ ದಾದರ್‌ನಲ್ಲೂ ಒಂದು ಕಪಾಟು ಹುಡುಕುವುದೆಂದು ಬೊರಿವಲಿಯ ಹಿರಿಯರು ಸಲಹೆ ಕೊಟ್ಟಿದ್ದಾರೆ. ಎರಡು ಕಾಲಮುಗಳ ಹಾಳೆ ಈಗ ಭಾಗವತರ ಬಳಿ ಇದೆ. ಅಂಧೇರಿಯ ಆಚೆಗಿನ ಹೊಸ ಮೆಟ್ರೊ ನಿಲ್ದಾಣಗಳನ್ನು ಅವರೇ ಒಂದೊಂದಾಗಿ ಅದರಲ್ಲಿ ಸೇರಿಸುತ್ತಿದ್ದಾರೆ.